ಮಣ್ಣು ದಾರಿಗೆ ಸೆಕೆಂಡ್ ಹ್ಯಾಂಡ್ ಎಸ್‌ಯುವಿ: ಬಾನೆಟ್ ಎತ್ತುವ ಮೊದಲು ಗಾಡಿಯ ಕೆಳಗೆ ನೋಡಿ

ಟಾರು ರಸ್ತೆ ಮುಗಿದ ಮೇಲೂ ಮನೆಗೆ ಎರಡು ಮೂರು ಕಿಲೋಮೀಟರ್ ಇದೆ ಅನ್ನುವವರಿಗೆ ಈ ಬರಹ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ತೀರ್ಥಹಳ್ಳಿ, ಸೋಮವಾರಪೇಟೆ ಕಡೆಯ ತೋಟದ ಮನೆಗಳ ದಾರಿಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಒಂದಷ್ಟು ದೂರ ಜಲ್ಲಿ, ಆಮೇಲೆ ಕೆಂಪು ಮಣ್ಣು, ನಡುವೆ ಒಂದು ಕಡಿದಾದ ಚಡಾವು, ಮಳೆಗಾಲದಲ್ಲಿ ಕೊರಕಲು. ಇಂಥ ದಾರಿಗೆ ಹೊಸ ಗಾಡಿ ಇಳಿಸಲು ಮನಸ್ಸು ಬರುವುದಿಲ್ಲ. ಹಳೆಯದನ್ನು ಕೊಳ್ಳುವುದೇ ಸರಿ. ಆದರೆ ಹಳೆ ಗಾಡಿ ನೋಡಲು ಹೋದವರು ಸಾಮಾನ್ಯವಾಗಿ ನೋಡುವುದು ಬಣ್ಣ, ಸೀಟು, ಟಚ್ ಸ್ಕ್ರೀನ್, ಮೀಟರ್‌ನ ಕಿಲೋಮೀಟರ್. ಮಣ್ಣು ರಸ್ತೆಯಲ್ಲಿ ಗಾಡಿ ಸೋಲುವುದು ಇವುಗಳಿಂದಲ್ಲ, ಕೆಳಗಿನ ಭಾಗದಿಂದ. ಹಾಗಾಗಿ ನೋಡುವ ಕ್ರಮವನ್ನೇ ತಿರುಗಿಸಿಕೊಳ್ಳಬೇಕು. ಮೊದಲು ದಾರಿ, ಆಮೇಲೆ ಮೆಕ್ಯಾನಿಕ್, ಆಮೇಲೆ ಗಾಡಿಯ ಅಡಿಭಾಗ. ಬಣ್ಣ ಕೊನೆಗೆ.

1. ಮೊದಲು ನಿಮ್ಮ ದಾರಿಯಲ್ಲಿ ನಡೆಯಿರಿ

ಟಾರು ಮುಗಿಯುವಲ್ಲಿಂದ ಮನೆ ಅಂಗಳದವರೆಗೆ ಒಮ್ಮೆ ನಡೆದು ಬನ್ನಿ. ಜೋರು ಮಳೆ ಬಂದ ಮರುದಿನ ಹೋದರೆ ಇನ್ನೂ ಒಳ್ಳೆಯದು. ಮೂರು ವಿಷಯ ಗಮನಿಸಿ.

ಮೊದಲನೆಯದು, ಎರಡು ಚಕ್ರದ ಜಾಡಿನ ನಡುವಿನ ದಿಬ್ಬ. ಟ್ರ್ಯಾಕ್ಟರ್ ಓಡಾಡುವ ದಾರಿಯಲ್ಲಿ ಜಾಡು ಆಳವಾಗುತ್ತದೆ, ನಡುವಿನ ಮಣ್ಣು ಎತ್ತರ ಉಳಿಯುತ್ತದೆ. ಒಂದು ಕೋಲನ್ನು ಅಡ್ಡ ಇಟ್ಟು ಟೇಪಿನಲ್ಲಿ ಅಳೆಯಿರಿ. ಅಲ್ಲಿ ಸೋಲಿಂಗ್ ಕಲ್ಲು ಎದ್ದು ನಿಂತಿದ್ದರೆ ಅದನ್ನೂ ಸೇರಿಸಿ ಅಳೆಯಿರಿ.

ಎರಡನೆಯದು, ಅತಿ ಕಡಿದಾದ ಜಾಗ, ಅದರಲ್ಲೂ ತಿರುವಿನಲ್ಲೇ ಏರು ಇದೆಯಾ ಅನ್ನುವುದು. ನೇರ ಚಡಾವನ್ನು ಸ್ವಲ್ಪ ಓಟ ಕೊಟ್ಟು ಹತ್ತಿಸಬಹುದು. ತಿರುವಿನ ಚಡಾವಿನಲ್ಲಿ ಓಟ ಕೊಡಲು ಆಗುವುದಿಲ್ಲ. ಗಾಡಿ ನಿಲ್ಲುವುದು ಅಲ್ಲೇ.

ಮೂರನೆಯದು ಮಣ್ಣಿನ ಗುಣ. ಗಟ್ಟಿಯಾಗಿ ರೋಲರ್ ಹೊಡೆದ ಜಲ್ಲಿಯಾದರೆ ಚಿಂತೆ ಕಡಿಮೆ. ಸಡಿಲವಾಗಿ ಹರಡಿದ 40 ಎಂಎಂ ಜಲ್ಲಿ ಚಕ್ರದ ಕೆಳಗೆ ಉರುಳುತ್ತದೆ. ಮಲೆನಾಡಿನ ಕೆಂಪು ಮಣ್ಣು ಒಣಗಿದ್ದಾಗ ಒಳ್ಳೆಯ ಹಿಡಿತ ಕೊಡುತ್ತದೆ, ನೆಂದರೆ ಮೇಲ್ಪದರ ಜಾರುತ್ತದೆ. ಬಯಲುಸೀಮೆಯ ಎರೆ ಮಣ್ಣಿನ ಕಥೆಯೇ ಬೇರೆ. ಅದು ಟೈರಿನ ಹಲ್ಲುಗಳಲ್ಲಿ ತುಂಬಿಕೊಂಡು ಚಕ್ರವನ್ನೇ ನುಣುಪು ಮಾಡಿಬಿಡುತ್ತದೆ. ಅಲ್ಲಿ ಸಾದಾ ರಸ್ತೆ ಟೈರು ಹಾಕಿದ ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಪವರ್ ಹೋಗುವ) ಗಾಡಿಯೂ ಒದ್ದಾಡುತ್ತದೆ.

2. ಫೋರ್ ಬೈ ಫೋರ್ ಬೇಕೇ ಬೇಕಾ?

ಹೆಚ್ಚಿನವರಿಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ವರ್ಷದಲ್ಲಿ ಎಂಟು ತಿಂಗಳು ಒಣಗಿರುವ, ಜಲ್ಲಿ ಹಾಕಿದ ದಾರಿಗೆ ಹಿಂದಿನ ಚಕ್ರಕ್ಕೆ ಪವರ್ ಹೋಗುವ ಗಾಡಿ ಮತ್ತು ಒಳ್ಳೆಯ ಟೈರು ಸಾಕು. ಫೋರ್ ಬೈ ಫೋರ್‌ಗೆ ಕೊಡುವ ಹೆಚ್ಚಿನ ದುಡ್ಡನ್ನು ಟೈರಿಗೆ, ಸಸ್ಪೆನ್ಷನ್‌ಗೆ ಹಾಕುವುದು ಲಾಭ.

ಪವರ್ ಯಾವ ಚಕ್ರಕ್ಕೆ ಹೋಗುತ್ತದೆ ಅನ್ನುವುದು ಮಾತ್ರ ಮುಖ್ಯ. ಏರಿನಲ್ಲಿ ಗಾಡಿಯ ಭಾರ ಹಿಂದಕ್ಕೆ ಸರಿಯುತ್ತದೆ. ಹಿಂದೆ ನಾಲ್ಕು ಮೂಟೆ ಹಾಕಿದ್ದರಂತೂ ಮುಂದಿನ ಚಕ್ರ ಇನ್ನೂ ಹಗುರ. ಮುಂದಿನ ಚಕ್ರಕ್ಕೆ ಪವರ್ ಹೋಗುವ ಗಾಡಿಗಳು ಇಂಥ ಜಾಗದಲ್ಲಿ ಜಲ್ಲಿ ಹಾರಿಸುತ್ತಾ ನಿಂತುಬಿಡುತ್ತವೆ. ಬ್ರೆಝಾ, ಕ್ರೆಟಾ, ಇಕೋಸ್ಪೋರ್ಟ್, ಸಾದಾ ಡಸ್ಟರ್ ಎಲ್ಲ ಈ ಗುಂಪಿಗೆ ಸೇರಿದವು. ಬೊಲೆರೊ, ಸ್ಕಾರ್ಪಿಯೊ, ಸುಮೊದಂಥ ಗಾಡಿಗಳಲ್ಲಿ ಇದು ತಿರುಗುಮುರುಗು. ಭಾರ ಹಾಕಿದಷ್ಟೂ ಹಿಂದಿನ ಚಕ್ರ ನೆಲ ಕಚ್ಚುತ್ತದೆ. ಖಾಲಿ ಇದ್ದಾಗ ಮಾತ್ರ ಜಾರುವುದು ಜಾಸ್ತಿ. ಮಳೆಗಾಲದಲ್ಲಿ ಕೆಲವರು ಹಿಂದೆ ಗೊಬ್ಬರದ ಮೂಟೆ ಇಟ್ಟುಕೊಂಡೇ ಓಡಾಡುವುದು ಇದಕ್ಕೇ.

ಕಡಿದಾದ ಒದ್ದೆ ತಿರುವು ಇದೆ, ಹಳ್ಳ ದಾಟಬೇಕು, ಮಳೆಗಾಲದಲ್ಲೂ ದಿನಾ ಮಕ್ಕಳನ್ನು ಶಾಲೆಗೆ ಬಿಡಬೇಕು ಅಂತಾದರೆ ಫೋರ್ ಬೈ ಫೋರ್ ಬೇಕು. ಆಗಲೂ ಬರೀ ಬ್ಯಾಡ್ಜ್ ನೋಡಬೇಡಿ, ನಿಧಾನಕ್ಕೆ ಆದರೆ ಜಾಸ್ತಿ ಬಲದಲ್ಲಿ ಎಳೆಯುವ ಲೋ ರೇಂಜ್ ಗೇರ್ ಇದೆಯಾ ಕೇಳಿ. ಥಾರ್, ಜಿಪ್ಸಿ, ಜಿಮ್ನಿ, ಗೂರ್ಖಾ, ಸಫಾರಿ ಸ್ಟಾರ್ಮ್‌ಗಳ ಫೋರ್ ಬೈ ಫೋರ್ ಮಾಡೆಲ್‌ಗಳಲ್ಲಿ ಇದೆ. ಆಲ್ ವೀಲ್ ಡ್ರೈವ್ ಡಸ್ಟರ್‌ನಲ್ಲಿ ಲೋ ರೇಂಜ್ ಇಲ್ಲ, ಬದಲಿಗೆ ಮೊದಲ ಗೇರನ್ನೇ ತುಂಬ ಚಿಕ್ಕದಾಗಿ ಕೊಟ್ಟಿದ್ದಾರೆ. ಸಾಧಾರಣ ಚಡಾವಿಗೆ ಅದು ಸಾಕಾಗುತ್ತದೆ.

ಇನ್ನು ಒಂದು ಮಧ್ಯದ ದಾರಿಯೂ ಇದೆ. 2021ರಲ್ಲಿ ಬಂದ ಬೊಲೆರೊ ನಿಯೊದ ಎನ್10 ಆಪ್ಷನ್ ಮಾಡೆಲ್‌ನಲ್ಲಿ ಹಿಂದಿನ ಡಿಫರೆನ್ಷಿಯಲ್ (ಎರಡು ಚಕ್ರಕ್ಕೆ ಪವರ್ ಹಂಚುವ ಗೇರು) ತಾನಾಗೇ ಲಾಕ್ ಆಗುತ್ತದೆ. ಒಂದು ಹಿಂದಿನ ಚಕ್ರ ಸುಮ್ನೆ ಸುತ್ತತೊಡಗಿದರೆ ಎರಡನೆಯದಕ್ಕೂ ಪವರ್ ಸಿಗುತ್ತದೆ. ಟೂ ವೀಲ್ ಡ್ರೈವ್ ಗಾಡಿಯಲ್ಲಿ ಇಂಥದ್ದು ಸಿಗುವುದೇ ಅಪರೂಪ. ಹಳೆಯದು ಒಳ್ಳೆ ಬೆಲೆಗೆ ಸಿಕ್ಕರೆ ಬಿಡಬೇಡಿ.

3. ಗ್ರೌಂಡ್ ಕ್ಲಿಯರೆನ್ಸ್ ಅಂಕಿ ನಂಬಿ ಮೋಸ ಹೋಗಬೇಡಿ

ಕಾಗದದ ಮೇಲೆ ಬೊಲೆರೊದ ಗ್ರೌಂಡ್ ಕ್ಲಿಯರೆನ್ಸ್ 180 ಎಂಎಂ. ಇಕೋಸ್ಪೋರ್ಟ್‌ನದು 200. ಹಾಗಿದ್ದೂ ಐದು ಜನ, ಎರಡು ಮೂಟೆ ಹಾಕಿಕೊಂಡು ದಿಬ್ಬದ ದಾರಿಯಲ್ಲಿ ಹೋಗುವಾಗ ಹೊಟ್ಟೆ ಉಜ್ಜುವುದು ಇಕೋಸ್ಪೋರ್ಟ್‌ನದೇ. ಕಾರಣ ಸರಳ. ಬೊಲೆರೊದಲ್ಲಿ ಅತಿ ಕೆಳಗಿರುವುದು ಹಿಂದಿನ ಆಕ್ಸಲ್ ನಡುವಿನ ಡಿಫರೆನ್ಷಿಯಲ್ ಗುಂಡು. ಅದು ನೇರವಾಗಿ ಚಕ್ರಗಳ ಮೇಲೇ ಕೂತಿದೆ. ಎಷ್ಟು ಭಾರ ಹಾಕಿದರೂ ನೆಲದಿಂದ ಅದರ ಎತ್ತರ ಹೆಚ್ಚುಕಡಿಮೆ ಅಷ್ಟೇ. ಕಾರಿನ ಥರದ ಮೈಕಟ್ಟಿನ ಗಾಡಿಗಳಲ್ಲಿ ಭಾರ ಬಿದ್ದಂತೆ ಸ್ಪ್ರಿಂಗ್ ಕುಗ್ಗಿ ಇಡೀ ಹೊಟ್ಟೆಯೇ ಕೆಳಗಿಳಿಯುತ್ತದೆ. ಆ ಹೊಟ್ಟೆಯಲ್ಲೇ ಸೈಲೆನ್ಸರ್, ಡೀಸೆಲ್ ಪೈಪು ಎಲ್ಲ ಇರುತ್ತದೆ.

ಹಾಗಾಗಿ ಅಂಕಿ ಓದುವುದರ ಜತೆಗೆ ಬಗ್ಗಿ ನೋಡಿ, ಅತಿ ಕೆಳಗಿರುವ ಭಾಗ ಯಾವುದು, ಅದು ಗಾಡಿಯ ನಡುವಿದೆಯಾ ಪಕ್ಕದಲ್ಲಿದೆಯಾ ಗುರುತಿಸಿ. ಮೊದಲು ಅಳೆದಿಟ್ಟ ದಿಬ್ಬದ ಎತ್ತರಕ್ಕೆ ಹೋಲಿಸಿ. ಜಿಮ್ನಿಯ 210, 2020ರ ನಂತರದ ಥಾರ್‌ನ 226 ಎಂಎಂ ನಿಜಕ್ಕೂ ಉಪಯೋಗಕ್ಕೆ ಬರುವ ಎತ್ತರ.

ಟೈರಿನ ಪಕ್ಕೆಯೂ ಎತ್ತರವಿರಬೇಕು. ಟೈರಿನ ಗುರುತಿನಲ್ಲಿ ಎರಡನೇ ಅಂಕಿ ಈ ಪಕ್ಕೆಯ ಎತ್ತರದ ಲೆಕ್ಕ. ಬೊಲೆರೊದ 215/75, ಜಿಮ್ನಿಯ 195/80, ಎರಡೂ 15 ಇಂಚಿನ ರಿಮ್ಮಿಗೆ. ಇಂಥ ದಪ್ಪ ಪಕ್ಕೆಯ ಟೈರು ಚೂಪು ಕಲ್ಲಿನ ಪೆಟ್ಟು ತಡೆದುಕೊಳ್ಳುತ್ತದೆ. ಹಳೆ ಮಾಲೀಕರು ಶೋಕಿಗೆ ದೊಡ್ಡ ಅಲಾಯ್, ತೆಳು ಟೈರು ಹಾಕಿಸಿದ್ದರೆ ಅದನ್ನು ಬದಲಿಸುವ ಖರ್ಚನ್ನು ಬೆಲೆಯಲ್ಲಿ ಇಳಿಸಲು ಕೇಳಿ.

4. ನಿಮ್ಮ ಊರ ಮೆಕ್ಯಾನಿಕ್ ಹತ್ತಿರ ಮಾತಾಡಿ

ಗಾಡಿ ಆರಿಸುವ ಮೊದಲೇ ಇದು ಆಗಬೇಕು. "ಅಣ್ಣಾ, ಈ ಗಾಡಿ ನಿಮ್ಮ ಹತ್ರ ಕೆಲಸಕ್ಕೆ ಬರುತ್ತಾ? ಸಾಮಾನು ಎಲ್ಲಿ ಸಿಗುತ್ತೆ?" ಅಂತ ಕೇಳಿ. ಅವರು ಮುಖ ಹುಳ್ಳಗೆ ಮಾಡಿದರೆ ಆ ಗಾಡಿ ಬೇಡ.

2000ದಿಂದ ಮಾರಾಟದಲ್ಲಿರುವ ಬೊಲೆರೊ ಮಲೆನಾಡಿನಲ್ಲಿ ಇಷ್ಟು ಓಡಾಡಲು ಕಾರಣ ಅದರ ಆರಾಮ ಅಲ್ಲ. ಅದು ಕುಲುಕುತ್ತದೆ, ಸದ್ದು ಮಾಡುತ್ತದೆ. ಆದರೆ ತಾಲೂಕು ಕೇಂದ್ರದ ಯಾವ ಗ್ಯಾರೇಜಿನಲ್ಲೂ ಅದರ ಬುಷ್, ಕ್ಲಚ್ ಪ್ಲೇಟ್, ಸ್ಪ್ರಿಂಗ್ ಪ್ಲೇಟ್ ಸಿಗುತ್ತದೆ. ಸ್ಕಾರ್ಪಿಯೊ ಕೂಡ ಹಾಗೇ, ಜತೆಗೆ ಸ್ವಲ್ಪ ಸುಖ. ಎಂಹಾಕ್ ಅನ್ನುವ ಡೀಸೆಲ್ ಎಂಜಿನ್ ಇರುವುದನ್ನೇ ಹುಡುಕಿ. ಇನ್ನು ಕೆಲವು ಗಾಡಿಗಳ ತಯಾರಿಕೆಯೇ ನಿಂತಿದೆ. ಇಕೋಸ್ಪೋರ್ಟ್ ಮಾಡುತ್ತಿದ್ದ ಫೋರ್ಡ್, ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ 2021ರಲ್ಲಿ ಹೇಳಿತು. ಸಫಾರಿ ಸ್ಟಾರ್ಮ್ ಮತ್ತು ಸುಮೊ 2019ಕ್ಕೆ ನಿಂತವು, ಹಳೆ ಡಸ್ಟರ್ 2022ಕ್ಕೆ. ಇವು ಕೆಟ್ಟ ಗಾಡಿಗಳಲ್ಲ. ಆಲ್ ವೀಲ್ ಡ್ರೈವ್ ಡಸ್ಟರ್‌ನ ಸಸ್ಪೆನ್ಷನ್ ಮುರುಕು ರಸ್ತೆಯಲ್ಲಿ ಎಷ್ಟು ಚೆನ್ನಾಗಿದೆ ಅಂದರೆ ಓಡಿಸಿದವರು ಬೇರೆ ಗಾಡಿ ಒಪ್ಪುವುದು ಕಷ್ಟ. ಆದರೆ ಒಂದು ಸಾಮಾನಿಗಾಗಿ ಬೆಂಗಳೂರಿಗೆ ಫೋನು ಮಾಡಿ, ಬಸ್ಸಿನಲ್ಲಿ ತರಿಸಿಕೊಂಡು ಕಾಯುವ ತಾಳ್ಮೆ ಇರಬೇಕು. ಮನೆಯಲ್ಲಿ ಇನ್ನೊಂದು ವಾಹನ ಇದ್ದರೆ ಮಾತ್ರ ಅತ್ತ ಹೋಗಿ.

ಜಿಪ್ಸಿ ಬಗ್ಗೆ ಒಂದು ಮಾತು. ಹಗುರ, ಎಲ್ಲಿಗೂ ಹತ್ತುತ್ತದೆ, ಆದರೆ ಪೆಟ್ರೋಲ್ ಕುಡಿಯುತ್ತದೆ, ಮತ್ತು ಅಭಿಮಾನಿಗಳಿಂದಾಗಿ ಅದರ ಬೆಲೆ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಮನೆ ಮಂದಿಗೆಲ್ಲ ಇರುವ ಒಂದೇ ಗಾಡಿ ಅದಾಗಬಾರದು.

ಸುರಕ್ಷತೆಯನ್ನೂ ಇಲ್ಲೇ ಯೋಚಿಸಿ. ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಎಲ್ಲ ಹೊಸ ಕಾರುಗಳಿಗೆ ಕಡ್ಡಾಯವಾಗಿದ್ದು ಏಪ್ರಿಲ್ 2019ರಿಂದ, ಡ್ರೈವರ್ ಏರ್‌ಬ್ಯಾಗ್ ಜುಲೈ 2019ರಿಂದ. ಅದಕ್ಕಿಂತ ಹಳೆಯ ಕಡಿಮೆ ಬೆಲೆಯ ಮಾಡೆಲ್‌ಗಳಲ್ಲಿ ಎರಡೂ ಇಲ್ಲದಿರಬಹುದು. ಮಣ್ಣು ದಾರಿ ಮೂರು ಕಿಲೋಮೀಟರ್ ಅಷ್ಟೇ, ಉಳಿದ ಓಡಾಟ ಹೆದ್ದಾರಿಯಲ್ಲಿ ಅಲ್ವಾ? ಸಾಧ್ಯವಾದರೆ 2019ರ ಕೊನೆಯ ನಂತರದ ಗಾಡಿ ಹುಡುಕಿ.

5. ಡೀಸೆಲ್ ಆದರೆ ಬಿಎಸ್4ಆ, ಬಿಎಸ್6ಆ?

ಬಿಎಸ್ ಅಂದರೆ ಗಾಡಿ ಉಗುಳುವ ಹೊಗೆಗೆ ಸರ್ಕಾರ ಹಾಕಿದ ಮಿತಿ, ಅಂಕಿ ದೊಡ್ಡದಾದಷ್ಟೂ ಬಿಗಿ. ತೋಟದ ಮನೆಯವರಿಗೆ ಇದು ದೊಡ್ಡ ಪ್ರಶ್ನೆ, ಮಾರುವವರು ಇದರ ಬಗ್ಗೆ ಬಾಯಿ ಬಿಡುವುದಿಲ್ಲ. ಏಪ್ರಿಲ್ 2020ರಿಂದ ಬಂದ ಬಿಎಸ್6 ಡೀಸೆಲ್ ಗಾಡಿಗಳ ಸೈಲೆನ್ಸರ್ ಲೈನಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಡಿಪಿಎಫ್ ಅನ್ನುತ್ತಾರೆ. ಅದರಲ್ಲಿ ಸೇರಿದ ಮಸಿ ಸುಟ್ಟುಹೋಗಲು ಹೊಗೆ ಚೆನ್ನಾಗಿ ಬಿಸಿಯಾಗಬೇಕು. ಅಂದರೆ ಗಾಡಿ ಒಂದೇ ಸಮನೆ ಒಳ್ಳೆ ವೇಗದಲ್ಲಿ ಹದಿನೈದು ಇಪ್ಪತ್ತು ನಿಮಿಷ ಓಡಬೇಕು.

ನಿಮ್ಮ ಗಾಡಿಯ ದಿನಚರಿ ನೆನಪಿಸಿಕೊಳ್ಳಿ. ಮನೆಯಿಂದ ಹಾಲಿನ ಡೈರಿ, ಅಲ್ಲಿಂದ ಅಂಗಡಿ, ವಾಪಸ್ ಮನೆ. ಎರಡನೇ ಗೇರ್ ದಾಟುವುದೇ ಇಲ್ಲ. ಹೀಗೆ ಓಡಿದರೆ ಫಿಲ್ಟರ್ ಕಟ್ಟಿಕೊಂಡು ಲೈಟ್ ಬರುತ್ತದೆ. ಗಾಡಿ ತಾನಾಗೇ ಆ ಮಸಿ ಸುಡಲು ಶುರು ಮಾಡಿದಾಗ ಪ್ರತಿ ಸಲ ಅರ್ಧಕ್ಕೇ ಎಂಜಿನ್ ಆಫ್ ಮಾಡುತ್ತಾ ಇದ್ದರೆ ಡೀಸೆಲ್ ಎಂಜಿನ್ ಆಯಿಲ್‌ಗೆ ಇಳಿಯುತ್ತದೆ. ಗಾಡಿ ನೋಡುವಾಗ ಆಯಿಲ್ ಕಡ್ಡಿ ಎಳೆದು ನೋಡಿ. ಆಯಿಲ್ ಮೇಲಿನ ಗೆರೆಗಿಂತ ಜಾಸ್ತಿ ಇದ್ದು ಡೀಸೆಲ್ ವಾಸನೆ ಬಂದರೆ ಹುಷಾರು.

ವಾರಕ್ಕೊಮ್ಮೆಯಾದರೂ ಹಾಸನಕ್ಕೋ ಶಿವಮೊಗ್ಗಕ್ಕೋ ಹೋಗಿಬರುವವರಿಗೆ ಬಿಎಸ್6 ಡೀಸೆಲ್ ತೊಂದರೆ ಕೊಡುವುದಿಲ್ಲ. ಬರೀ ಊರೊಳಗಿನ ಓಡಾಟವಾದರೆ ಚೆನ್ನಾಗಿ ನೋಡಿಕೊಂಡ ಬಿಎಸ್4 ಡೀಸೆಲ್ ಅಥವಾ ಪೆಟ್ರೋಲ್ ಗಾಡಿ ಮೇಲು.

6. ಬೆಳಿಗ್ಗೆ ಹೋಗಿ, ಗೋಣಿಚೀಲ ಹಾಸಿ

ಗಾಡಿ ನೋಡಲು ಬೆಳಿಗ್ಗೆ ಬೇಗ ಬರುತ್ತೇನೆ, ಸ್ಟಾರ್ಟ್ ಮಾಡಿಡಬೇಡಿ ಅಂತ ಮೊದಲೇ ಹೇಳಿ. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ದರೆ ಕೋಲ್ಡ್ ಸ್ಟಾರ್ಟ್‌ನಲ್ಲಿ ಏನೋ ಮುಚ್ಚಿಡುವುದಿದೆ ಅಂತ ಅನುಮಾನಿಸಿ. ಬ್ರೋಕರ್ "ಸರ್, ಡಾಕ್ಟ್ರು ಓಡ್ಸಿರೋ ಗಾಡಿ" ಅನ್ನಬಹುದು. ಈ ರಾಜ್ಯದ ಸೆಕೆಂಡ್ ಹ್ಯಾಂಡ್ ಗಾಡಿಗಳನ್ನೆಲ್ಲ ಡಾಕ್ಟರುಗಳೇ ಓಡಿಸಿದ್ದರೆ ಆಸ್ಪತ್ರೆಗೆ ಹೋಗುತ್ತಿದ್ದವರು ಯಾರೋ!

ಜತೆಗೆ ಒಯ್ಯಬೇಕಾದ್ದು ಇಷ್ಟೇ: ಒಳ್ಳೆ ಟಾರ್ಚ್, ಉದ್ದದ ಸ್ಕ್ರೂಡ್ರೈವರ್, ಹಳೆ ಗೋಣಿಚೀಲ. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ಕೆಳಗೆ ಮಲಗಿ. ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಮಾತ್ರ ತಲೆ ಹಾಕಬೇಡಿ.

ಮೊದಲು ಚಾಸಿಯ ಎರಡು ಉದ್ದ ಪಟ್ಟಿಗಳನ್ನು ಮುಂದಿನಿಂದ ಹಿಂದಿನವರೆಗೆ ಟಾರ್ಚ್ ಹಿಡಿದು ನೋಡಿ. ಸ್ಕ್ರೂಡ್ರೈವರ್ ಹಿಡಿಯಿಂದ ಅಲ್ಲಲ್ಲಿ ತಟ್ಟಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ. ತುಕ್ಕು ತಿಂದ ಜಾಗದಲ್ಲಿ ಸದ್ದು ಸತ್ತಂತಿರುತ್ತದೆ, ಕೆಲವೊಮ್ಮೆ ಪದರ ಪದರವಾಗಿ ಉದುರುತ್ತದೆ. ಹಿಂದಿನ ಚಕ್ರದ ಮೇಲ್ಭಾಗ, ಬ್ರ್ಯಾಕೆಟ್‌ಗಳ ಸಂದು, ಮಣ್ಣು ಕೂತು ಒದ್ದೆ ಉಳಿಯುವ ಮೂಲೆಗಳಲ್ಲಿ ಜಾಸ್ತಿ ನೋಡಿ. ಹತ್ತು ವರ್ಷದ ಗಾಡಿಯ ಕೆಳಗೆ ಎಲ್ಲೆಡೆ ಹೊಚ್ಚ ಹೊಸ ಕಪ್ಪು ಬಣ್ಣ ಮಿರುಗುತ್ತಿದ್ದರೆ ಅದು ಕಾಳಜಿ ಅಲ್ಲ, ಮರೆಮಾಚುವಿಕೆ ಇರಬಹುದು. ಚಾಸಿಗೆ ವೆಲ್ಡಿಂಗ್ ತೇಪೆ ಬಿದ್ದಿದ್ದರೆ ಅಲ್ಲೇ ಕೈಮುಗಿದು ಎದ್ದು ಬನ್ನಿ. ಮಂಗಳೂರು, ಉಡುಪಿ, ಕಾರವಾರದ ಕಡಲ ಹತ್ತಿರ ಓಡಿದ ಗಾಡಿಗೆ ಈ ಪರೀಕ್ಷೆ ಎರಡು ಸಲ ಮಾಡಿ. ಉಪ್ಪು ಗಾಳಿ ಕಬ್ಬಿಣವನ್ನು ಬೇಗ ತಿನ್ನುತ್ತದೆ.

ಆಮೇಲೆ ಡಿಫರೆನ್ಷಿಯಲ್ ಗುಂಡು, ಆಯಿಲ್ ಪ್ಯಾನ್, ಡೀಸೆಲ್ ಟ್ಯಾಂಕ್. ಇವುಗಳ ಮೇಲಿನ ಗೀರು, ನೆಗ್ಗು ಗಾಡಿ ಎಲ್ಲಿ ಓಡಿದೆ ಅಂತ ಹೇಳುತ್ತವೆ. ಒಂದೆರಡು ಗೀರು ಸಹಜ. ಆಯಿಲ್ ಪ್ಯಾನ್ ನೆಗ್ಗಿದ್ದರೆ, ವೆಲ್ಡ್ ಆಗಿದ್ದರೆ ಬೇಡ. ಆಕ್ಸಲ್ ತುದಿಯಲ್ಲಿ, ಹಿಂದಿನ ಡ್ರಮ್ಮಿನ ಒಳಗಡೆ ಎಣ್ಣೆ ಪಸೆ ಇದ್ದರೆ ಆಯಿಲ್ ಸೀಲ್ ಹೋಗಿದೆ. ಸಣ್ಣ ರಿಪೇರಿಯೇ, ಆದರೆ ಬ್ರೇಕ್ ಲೈನರ್‌ಗೂ ಎಣ್ಣೆ ತಾಗಿರುತ್ತದೆ.

ಹಿಂದೆ ಸ್ಪ್ರಿಂಗ್ ಪ್ಲೇಟ್ ಇರುವ ಗಾಡಿಯಾದರೆ ಒಂದೊಂದು ಪ್ಲೇಟಿನ ಅಂಚನ್ನೂ ನೋಡಿ. ಬಿರುಕು ಕೂದಲೆಳೆಯಷ್ಟಿದ್ದರೂ ತುಕ್ಕಿನ ಗೆರೆಯಾಗಿ ಕಾಣುತ್ತದೆ. ಜಾಸ್ತಿ ಲೋಡ್ ಹಾಕಲು ಪ್ಲೇಟ್ ಸೇರಿಸಿದ್ದಾರಾ ಎಣಿಸಿ. ಎಡ ಬಲ ಎರಡೂ ಕಡೆ ಗಾಡಿಯ ಎತ್ತರ ಒಂದೇ ಇದೆಯಾ ದೂರ ನಿಂತು ನೋಡಿ. ರಬ್ಬರ್ ಬುಷ್ ಸೀಳಿದ್ದರೆ, ಮುಂದಿನ ಡ್ರೈವ್ ಶಾಫ್ಟ್‌ನ ರಬ್ಬರ್ ಬೂಟ್ ಹರಿದು ಗ್ರೀಸ್ ಚೆಲ್ಲಿದ್ದರೆ ಬರೆದಿಟ್ಟುಕೊಳ್ಳಿ, ಬೆಲೆ ಮಾತಾಡುವಾಗ ಬೇಕು.

ಈಗ ಮೇಲೆದ್ದು ಟೈರು ನೋಡಿ. ಪಕ್ಕೆಯ ಮೇಲೆ ನಾಲ್ಕು ಅಂಕಿಯ ಒಂದು ಗುರುತು ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಹಲ್ಲು ಚೆನ್ನಾಗಿದ್ದರೂ ಆರೇಳು ವರ್ಷ ದಾಟಿದ ಟೈರಿನ ರಬ್ಬರ್ ಗಟ್ಟಿಯಾಗಿ ಒದ್ದೆ ಕಲ್ಲಿನ ಮೇಲೆ ಜಾರುತ್ತದೆ. ಮುಂದಿನ ಟೈರು ಒಂದೇ ಅಂಚಿನಲ್ಲಿ ಸವೆದಿದ್ದರೆ ಅಲೈನ್‌ಮೆಂಟ್ ಅಥವಾ ಸಸ್ಪೆನ್ಷನ್ ಸರಿಯಿಲ್ಲ.

ನೀರಲ್ಲಿ ಮುಳುಗಿದ ಗಾಡಿಯನ್ನು ಕಂಡುಹಿಡಿಯುವ ಸುಲಭ ಉಪಾಯ ಸೀಟ್ ಬೆಲ್ಟ್. ಪೂರ್ತಿ ಹೊರಗೆ ಎಳೆಯಿರಿ. ಕೊನೆಯ ಭಾಗದಲ್ಲಿ ಮಣ್ಣಿನ ಗೆರೆ, ಮಾಸಲು ಇದ್ದರೆ ಒಳಗೆ ನೀರು ಹೊಕ್ಕಿದೆ. 2015ರ ಚೆನ್ನೈ ನೆರೆ, 2018ರ ಕೇರಳ ನೆರೆಯಲ್ಲಿ ಎಷ್ಟೋ ಗಾಡಿಗಳು ಮುಳುಗಿದ್ದವು. ಹೊರ ರಾಜ್ಯದ ಗಾಡಿಗೆ ಈ ಪರೀಕ್ಷೆ ಬಿಡಬೇಡಿ.

ಇಷ್ಟಾದ ಮೇಲೆ ಎಂಜಿನ್ ಸ್ಟಾರ್ಟ್ ಮಾಡಿಸಿ. ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ಕೂಲಂಟ್ ಒಳಗೆ ಹೋಗುತ್ತಿರಬಹುದು. ಏರ್ ಫಿಲ್ಟರ್ ಡಬ್ಬಿ ಬಿಚ್ಚಿಸಿ, ಫಿಲ್ಟರ್ ದಾಟಿದ ಆಚೆ ಬದಿಯ ಪೈಪನ್ನು ಬೆರಳಿನಿಂದ ಒರೆಸಿ. ಅಲ್ಲಿ ಧೂಳು ಸಿಕ್ಕರೆ ಆ ಎಂಜಿನ್ ಮಣ್ಣು ತಿಂದಿದೆ ಎಂದೇ ತಿಳಿಯಿರಿ.

7. ಟಾರು ಬಿಟ್ಟು ಇಳಿಸಿ ಓಡಿಸಿ

ಶೋರೂಮ್ ಸುತ್ತ ಒಂದು ರೌಂಡ್ ಹೊಡೆದರೆ ಏನೂ ಗೊತ್ತಾಗುವುದಿಲ್ಲ. ಹತ್ತಿರದ ಮಣ್ಣು ದಾರಿ ಹುಡುಕಿ. ಹಾಡು ಬಂದ್, ಎಸಿ ಬಂದ್, ಗ್ಲಾಸ್ ಇಳಿಸಿ, 20ರಿಂದ 30 ಕಿಲೋಮೀಟರ್ ವೇಗ.

ಸಣ್ಣ ಕಲ್ಲಿನ ಮೇಲೆ ಟಕ್ ಟಕ್ ಸದ್ದು ಬಂದರೆ ಸಾಮಾನ್ಯವಾಗಿ ಲಿಂಕ್ ರಾಡ್ ಅಥವಾ ಬುಷ್, ಕಡಿಮೆ ಖರ್ಚು. ಗುಂಡಿಗೆ ಬಿದ್ದಾಗ ಧಡ್ ಅಂದು ಆಮೇಲೂ ಗಾಡಿ ತೂಗುತ್ತಲೇ ಇದ್ದರೆ ಶಾಕ್ ಅಬ್ಸಾರ್ಬರ್ ಮುಗಿದಿದೆ. ಪೂರ್ತಿ ತಿರುಗಿಸಿ ನಿಧಾನಕ್ಕೆ ಹೋದಾಗ ಮುಂದಿನಿಂದ ಕಟಕಟ ಬಂದರೆ ಡ್ರೈವ್ ಶಾಫ್ಟ್ ಜಾಯಿಂಟ್. ಮುಂದೆ ಹಿಂದೆ ಗೇರ್ ಬದಲಿಸುವಾಗ ಕೆಳಗೆ ಕಡಕ್ ಅಂದರೆ ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್. ಟಾರಿಗೆ ಬಂದು 60 ದಾಟಿದಾಗ ಹಿಂದಿನಿಂದ ಗುಂಯ್ ಅನ್ನುವ ಸದ್ದು, ಆಕ್ಸಿಲರೇಟರ್ ಬಿಟ್ಟರೆ ಅದರ ದನಿ ಬದಲಾಗುವುದು, ಇದು ಡಿಫರೆನ್ಷಿಯಲ್‌ನ ಕ್ರೌನ್ ಪಿನಿಯನ್. ಇದು ದುಬಾರಿ.

ಚಡಾವಿನಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಮತ್ತೆ ಎತ್ತಿ. ಕ್ಲಚ್ ಸುಟ್ಟ ವಾಸನೆ ಬಂದರೆ ಬೆಲೆ ಇಳಿಸಿ. ಗಾಡಿ ಫೋರ್ ಬೈ ಫೋರ್ ಆದರೆ ಸಡಿಲ ಮಣ್ಣಿನಲ್ಲೇ ಹಾಕಿ ನೋಡಿ, ಲೋ ರೇಂಜನ್ನೂ ಹಾಕಿಸಿ. ಟಾರಿನ ಮೇಲೆ ಫೋರ್ ಬೈ ಫೋರ್ ಹಾಕಿ ತಿರುಗಿಸಿದರೆ ಥಾರ್, ಜಿಪ್ಸಿಯಂಥ ಗಾಡಿಗಳಲ್ಲಿ ಗೇರು, ಶಾಫ್ಟ್ ಹಿಡಿದುಕೊಳ್ಳುತ್ತವೆ. "ಅದು ಸುಮಾರು ದಿನದಿಂದ ಹಾಕಿಲ್ಲ ಸರ್, ಆಮೇಲೆ ಸರಿಯಾಗುತ್ತೆ" ಅಂದರೆ ಅದು ಕೆಲಸ ಮಾಡುವುದಿಲ್ಲ ಎಂದು ಲೆಕ್ಕ ಹಾಕಿಯೇ ಬೆಲೆ ಕಟ್ಟಿ.

ಬ್ರೇಕ್ ಹಿಡಿದಾಗ ಒಂದು ವಿಷಯ ನೆನಪಿರಲಿ. ಸಡಿಲ ಜಲ್ಲಿಯಲ್ಲಿ ಎಬಿಎಸ್ ಇರುವ ಗಾಡಿ ನಿಲ್ಲಲು ಸ್ವಲ್ಪ ಹೆಚ್ಚು ದೂರ ತೆಗೆದುಕೊಳ್ಳುತ್ತದೆ. ಅದು ದೋಷವಲ್ಲ. ಸ್ಟೇರಿಂಗ್ ನಿಮ್ಮ ಮಾತು ಕೇಳುತ್ತಿದೆಯಾ, ಗಾಡಿ ಒಂದು ಕಡೆಗೆ ಎಳೆಯುತ್ತಿದೆಯಾ ಅನ್ನುವುದನ್ನು ನೋಡಿ.

8. ಕಾಗದ ಪತ್ರ

ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಮಾಲೀಕರು ಎಷ್ಟನೆಯವರು, ಇನ್ಶೂರೆನ್ಸ್, ಸಾಲ ಇದೆಯಾ ನೋಡಿ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಬೇಕು. ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ಚಾಸಿ ನಂಬರನ್ನು ಗಾಡಿಯ ಮೇಲೇ ಓದಿ ಆರ್‌ಸಿಗೆ ತಾಳೆ ನೋಡಿ. ಹಳದಿ ಬೋರ್ಡಿನಿಂದ ಬಿಳಿ ಬೋರ್ಡಿಗೆ ಬಂದ ಗಾಡಿಯಾ ಅನ್ನುವುದನ್ನೂ ಕೇಳಿ. ಅಂಥವು ಮೀಟರ್ ತೋರಿಸುವುದಕ್ಕಿಂತ ಎಷ್ಟೋ ಹೆಚ್ಚು ಓಡಿರಬಹುದು.

ದೆಹಲಿ ಗಾಡಿಗಳು ಅಗ್ಗಕ್ಕೆ ಸಿಗುತ್ತವೆ. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳ ಮೇಲೆ 2015ರ ಹಸಿರು ನ್ಯಾಯಮಂಡಳಿಯ ಆದೇಶ, 2018ರ ಸುಪ್ರೀಂ ಕೋರ್ಟ್ ಆದೇಶ ಬಂದ ಮೇಲೆ ದಕ್ಷಿಣಕ್ಕೆ ಹರಿವು ಶುರುವಾಯಿತು. ಅಗ್ಗ ನಿಜ, ಆದರೆ ಎನ್‌ಒಸಿ, ಇಲ್ಲಿನ ಲೈಫ್‌ಟೈಮ್ ಟ್ಯಾಕ್ಸ್, ಹೊಸ ನಂಬರ್, ಆರ್‌ಟಿಒ ಓಡಾಟ ಎಲ್ಲ ಸೇರಿಸಿ ಲೆಕ್ಕ ಹಾಕಿ. ಹದಿನೈದು ವರ್ಷಕ್ಕೆ ಆರ್‌ಸಿ ಮುಗಿಯುತ್ತದೆ, ಆಮೇಲೆ ಫಿಟ್ನೆಸ್ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು.

ಇನ್ಶೂರೆನ್ಸನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. ಹಳೆ ಮಾಲೀಕರ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ.

9. ತಂದ ಮೇಲೆ ಮೊದಲ ವಾರ

ಗಾಡಿಯ ಬೆಲೆಯಲ್ಲಿ ಹತ್ತರಿಂದ ಹದಿನೈದು ಪರ್ಸೆಂಟ್ ದುಡ್ಡನ್ನು ಕೈಯಲ್ಲಿ ಉಳಿಸಿಕೊಂಡೇ ಕೊಳ್ಳಿ. ಅದು ಈಗ ಬೇಕಾಗುತ್ತದೆ. ಎಂಜಿನ್ ಆಯಿಲ್ ಎಲ್ಲರೂ ಬದಲಿಸುತ್ತಾರೆ, ಗೇರ್ ಬಾಕ್ಸ್ ಮತ್ತು ಡಿಫರೆನ್ಷಿಯಲ್ ಆಯಿಲ್ ಮರೆಯುತ್ತಾರೆ. ಹಳೆಯದನ್ನು ಒಂದು ಬಿಳಿ ಡಬ್ಬಿಗೆ ಇಳಿಸಿ ನೋಡಿ. ಹಾಲು ಬೆರೆಸಿದ ಕಾಫಿಯ ಬಣ್ಣ ಇದ್ದರೆ ನೀರು ಸೇರಿದೆ. ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್, ಬ್ರೇಕ್ ಆಯಿಲ್ ಹೊಸದು ಹಾಕಿಸಿ.

ಟೈರು ಬದಲಿಸುವುದಿದ್ದರೆ ಎಟಿ, ಅಂದರೆ ಆಲ್ ಟೆರೇನ್ ಸಾಕು. ದೊಡ್ಡ ಹಲ್ಲಿನ ಮಡ್ ಟೈರು ನೋಡಲು ಚಂದ, ಆದರೆ ಟಾರಿನ ಮೇಲೆ ಕೂಗುತ್ತದೆ, ಒದ್ದೆ ಟಾರಿನಲ್ಲಿ ಬ್ರೇಕ್ ಹಿಡಿಯುವುದೂ ಕಡಿಮೆ. ದಿನಾ ಕೆಸರಲ್ಲೇ ಇಳಿಯುವವರಿಗೆ ಮಾತ್ರ ಅದು.

ಕೊನೆಗೆ ಸ್ಟೆಪ್ನಿ. ಸ್ಕಾರ್ಪಿಯೊ, ಡಸ್ಟರ್, ಸ್ಟಾರ್ಮ್‌ಗಳಲ್ಲಿ ಅದು ಗಾಡಿಯ ಕೆಳಗೆ ನೇತಾಡುತ್ತದೆ. ಮಣ್ಣು, ನೀರು ಬಡಿದು ಅದನ್ನು ಇಳಿಸುವ ವ್ಯವಸ್ಥೆ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಮನೆ ಅಂಗಳದಲ್ಲೇ ಒಮ್ಮೆ ಇಳಿಸಿ, ಗ್ರೀಸ್ ಹಚ್ಚಿ, ಗಾಳಿ ನೋಡಿ, ಮತ್ತೆ ಏರಿಸಿಡಿ. ಜಾಕ್ ಕೆಳಗೆ ಇಡಲು ಒಂದು ಅಗಲದ ಹಲಗೆ ತುಂಡನ್ನೂ ಹಿಂದೆ ಹಾಕಿಡಿ. ಮಣ್ಣಿನಲ್ಲಿ ಬರಿ ಜಾಕ್ ಗಾಡಿ ಎತ್ತುವ ಬದಲು ತಾನೇ ಕೆಳಗೆ ಹೂತುಹೋಗುತ್ತದೆ.